ಕಟಕಟೆಯ ಮೇಲೆ ಕುಳಿತ ಹಗೆ: ಫಾಸ್‌ಬಿಂಡರ್‌ನ ‘ಕಾಟ್ಸೆಲ್‌ಮಾಖರ್’

ರೈನರ್ ವರ್ನರ್ ಫಾಸ್‌ಬಿಂಡರ್ 1969ರ ಆಗಸ್ಟ್ ತಿಂಗಳಲ್ಲಿ, ಒಂಬತ್ತೇ ದಿನಗಳಲ್ಲಿ, ಸುಮಾರು 80 ಸಾವಿರ ಜರ್ಮನ್ ಮಾರ್ಕುಗಳ ವೆಚ್ಚದಲ್ಲಿ ಮ್ಯೂನಿಕ್ ನಗರದಲ್ಲಿ ಚಿತ್ರೀಕರಿಸಿದ ‘ಕಾಟ್ಸೆಲ್‌ಮಾಖರ್’ ಎಂಬ ಕಪ್ಪು-ಬಿಳುಪಿನ ಚಿತ್ರವು ಪರಕೀಯದ್ವೇಷವನ್ನು ವಸ್ತುವಾಗಿ ಉಳ್ಳ ಯುರೋಪಿನ ಚಿತ್ರಗಳ ಪೈಕಿ ಅತ್ಯಂತ ನಿಷ್ಠುರವಾದವುಗಳಲ್ಲಿ ಒಂದು. ಒಬ್ಬ ಮನುಷ್ಯ ಏನು ಮಾಡಿದ ಎಂಬುದನ್ನು ನೋಡದೆ, ಅವನು ಹೊರಗಿನಿಂದ ಬಂದವನು ಎಂಬ ಒಂದೇ ಕಾರಣಕ್ಕೆ ಅವನನ್ನು ಅಂಜಿಕೆ, ಅಸೂಯೆ ಮತ್ತು ತಿರಸ್ಕಾರಗಳಿಂದ ಕಾಣುವ ಮನೋಭಾವಕ್ಕೆ ಇಲ್ಲಿ ಪರಕೀಯದ್ವೇಷ ಎಂಬ ಪದವನ್ನು ಬಳಸಲಾಗಿದೆ. ಈ ಮನೋಭಾವವನ್ನು ಖಂಡಿಸುವ ಚಿತ್ರಗಳಿಗೆ ಯಾವ ಕಾಲದಲ್ಲೂ ಕೊರತೆಯಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಚಿತ್ರಗಳು ಹಗೆಯು ಪರಕೀಯನ ಆಗಮನದೊಂದಿಗೆ ಹುಟ್ಟುತ್ತದೆ ಎಂದೇ ನಂಬಿ ಕಥೆ ಹೆಣೆಯುತ್ತವೆ. ಊರು ನೆಮ್ಮದಿಯಾಗಿತ್ತು, ಹೊಸಬನೊಬ್ಬ ಬಂದ, ಊರು ಕೆರಳಿತು ಎಂಬುದು ಅವುಗಳ ಸಾಮಾನ್ಯ ನಡಿಗೆ. ಫಾಸ್‌ಬಿಂಡರ್‌ನ ಚಿತ್ರ ಈ ನಡಿಗೆಯನ್ನೇ ಒಪ್ಪುವುದಿಲ್ಲ. ಹೊರಗಿನವನು ಬರುವುದಕ್ಕೆ ಬಹಳ ಮೊದಲೇ ಆ ಅಂಗಳದಲ್ಲಿ ಹಿಂಸೆ ದಿನಬಳಕೆಯ ನಾಣ್ಯವಾಗಿ ಚಲಾವಣೆಯಲ್ಲಿತ್ತು, ಅವನು ಬಂದದ್ದರಿಂದ ಅದಕ್ಕೊಂದು ಗುರಿ ಸಿಕ್ಕಿತು ಅಷ್ಟೆ ಎಂಬುದು ಈ ಚಿತ್ರದ ವಾದ. ಅದು ಹಳತಾಗದೆ ಉಳಿದಿರುವುದಕ್ಕೆ ಈ ವಾದವೇ ಮುಖ್ಯ ಕಾರಣ.

ಚಿತ್ರದ ಶೀರ್ಷಿಕೆ ಬವೇರಿಯಾ ಪ್ರಾಂತ್ಯದ ಆಡುಮಾತಿನಲ್ಲಿ ದಕ್ಷಿಣ ಯುರೋಪಿನಿಂದ ಬಂದ ಕೂಲಿಗಳನ್ನು ಹೀಯಾಳಿಸಲು ಬಳಸುತ್ತಿದ್ದ ಬೈಗುಳ. ಎರಡನೆಯ ಮಹಾಯುದ್ಧದ ನಂತರ ಪಶ್ಚಿಮ ಜರ್ಮನಿಯ ಕೈಗಾರಿಕೆಗಳು ಅತಿವೇಗವಾಗಿ ಬೆಳೆದು ದುಡಿಯುವ ಕೈಗಳು ಸಾಲದಾದಾಗ, ಆ ದೇಶ 1955ರಲ್ಲಿ ಇಟಲಿಯೊಂದಿಗೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ದೇಶಗಳೊಂದಿಗೆ, 1961ರಲ್ಲಿ ತುರ್ಕಿಯೊಂದಿಗೆ ಕಾರ್ಮಿಕರ ನೇಮಕಾತಿಗಾಗಿ ಒಪ್ಪಂದಗಳನ್ನು ಮಾಡಿಕೊಂಡಿತು. ಹೀಗೆ ಬಂದವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯಲಾಯಿತು. ಕೆಲವು ವರ್ಷ ದುಡಿದು ಅವರು ತಮ್ಮ ದೇಶಕ್ಕೆ ಮರಳುತ್ತಾರೆ, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬುದು ಈ ವ್ಯವಸ್ಥೆಯ ಹಿಂದಿದ್ದ ಲೆಕ್ಕಾಚಾರ. ಗ್ರೀಸ್ ಮತ್ತು ತುರ್ಕಿಯ ಕಡೆಯಿಂದ ಬರುತ್ತಿದ್ದ ರೈಲುಗಳು ಮ್ಯೂನಿಕ್ ಮುಖ್ಯ ನಿಲ್ದಾಣದ 11ನೆಯ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತಿದ್ದವು. ಇಳಿದವರನ್ನು ಅದರಡಿಯ, ಯುದ್ಧಕಾಲದಲ್ಲಿ ಕಟ್ಟಿದ ನೆಲಮಾಳಿಗೆಗೆ ಕರೆದೊಯ್ದು, ಅಲ್ಲಿಂದ ಬೇರೆ ಬೇರೆ ಊರುಗಳ ಕಾರ್ಖಾನೆಗಳಿಗೆ ಹಂಚಿ ಕಳುಹಿಸಲಾಗುತ್ತಿತ್ತು. 1964ರಲ್ಲಿ ಹತ್ತು ಲಕ್ಷದ ಅತಿಥಿ ಕಾರ್ಮಿಕನಾಗಿ ಬಂದಿಳಿದ ಪೋರ್ಚುಗಲ್‌ನ ಬಡಗಿಯೊಬ್ಬನಿಗೆ ಕಲೋನ್ ನಗರದ ರೈಲುನಿಲ್ದಾಣದಲ್ಲಿ ಹೂಗುಚ್ಛ ಕೊಟ್ಟು, ಮೊಪೆಡ್ ಒಂದನ್ನು ಉಡುಗೊರೆಯಾಗಿ ನೀಡಿ ಸ್ವಾಗತಿಸಿದ್ದ ದೇಶದಲ್ಲಿ, ಎರಡೇ ವರ್ಷಗಳ ನಂತರ ಆರ್ಥಿಕ ಹಿಂಜರಿತ ಕಾಣಿಸಿಕೊಂಡಾಗ ಧ್ವನಿ ಬದಲಾಯಿತು. 1966ರ ನವೆಂಬರಿನಲ್ಲಿ ನಡೆದ ಬವೇರಿಯಾ ವಿಧಾನಸಭೆಯ ಚುನಾವಣೆಯಲ್ಲಿ ನಾಜಿ ಪರಂಪರೆಯ ವಾಸನೆ ಇನ್ನೂ ಹೋಗಿರದ ಎನ್‌ಪಿಡಿ ಎಂಬ ಪಕ್ಷ ಶೇ. 7.4ರಷ್ಟು ಮತಗಳನ್ನು ಪಡೆದು ಸದನ ಪ್ರವೇಶಿಸಿತು. ‘ಕಾಟ್ಸೆಲ್‌ಮಾಖರ್’ ಚಿತ್ರೀಕರಣವಾದದ್ದು 1969ರ ಆಗಸ್ಟಿನಲ್ಲಿ, ಮಾನ್‌ಹೈಮ್ ಚಿತ್ರೋತ್ಸವದಲ್ಲಿ ಅದರ ಮೊದಲ ಪ್ರದರ್ಶನವಾದದ್ದು ಅಕ್ಟೋಬರಿನಲ್ಲಿ. ಇವೆರಡರ ನಡುವೆ ಸೆಪ್ಟೆಂಬರಿನಲ್ಲಿ ನಡೆದ ರಾಷ್ಟ್ರೀಯ ಚುನಾವಣೆಯಲ್ಲಿ ಅದೇ ಪಕ್ಷ ಶೇ. 4.3ರಷ್ಟು ಮತ ಗಳಿಸಿ, ಸಂಸತ್ತಿಗೆ ಬೇಕಾದ ಶೇ. 5ರ ಹೊಸ್ತಿಲಿಗೆ ತೀರ ಸಮೀಪ ಬಂದು ನಿಂತಿತ್ತು. ಚಿತ್ರದಲ್ಲಿ ಈ ಪಕ್ಷದ ಹೆಸರಾಗಲಿ ಚುನಾವಣೆಯ ಪ್ರಸ್ತಾಪವಾಗಲಿ ಬರುವುದಿಲ್ಲ. ಆದರೆ ಆ ಮತಗಳು ಎಂಥ ಮನೆಗಳಿಂದ, ಎಂಥ ಅಂಗಳಗಳಿಂದ ಬಂದಿರಬಹುದು ಎಂಬುದನ್ನು ತೋರಿಸುವಲ್ಲಿ ಯಾವ ರಾಜಕೀಯ ವರದಿಯೂ ಈ ಚಿತ್ರದಷ್ಟು ಹತ್ತಿರಕ್ಕೆ ಹೋಗಲಾರದು.

ಕಥೆ ತೀರ ತೆಳುವಾದದ್ದು. ನಗರದ ಅಂಚಿನಲ್ಲಿರುವ ಒಂದು ವಸತಿಕಟ್ಟಡದ ಮುಂದೆ ಕಬ್ಬಿಣದ ಸರಳಿನ ಒಂದು ಕಟಕಟೆ; ಅದರ ಮೇಲೆ ಮತ್ತು ಅದಕ್ಕೆ ಒರಗಿ ಕೆಲವು ಯುವಕ ಯುವತಿಯರು ಕುಳಿತಿರುತ್ತಾರೆ, ನಿಂತಿರುತ್ತಾರೆ, ಸಿಗರೇಟು ಸೇದುತ್ತಾರೆ, ಅಲ್ಲಿಲ್ಲದವರನ್ನು ಆಡಿಕೊಳ್ಳುತ್ತಾರೆ. ಮಾರೀ ಎರಿಶ್‌ನವಳು, ಹೆಲ್ಗಾ ಪೌಲ್‌ನವಳು. ಪೀಟರ್ ಎಲಿಜಬೆತ್‌ಳ ಹಣದಲ್ಲಿ ಬದುಕುತ್ತಾನೆ, ಅವಳು ಅದನ್ನು ಅವನಿಗೆ ಮರೆಯಲು ಬಿಡುವುದಿಲ್ಲ. ನಟಿಯಾಗುವ ಕನಸು ಕಾಣುವ ರೋಸಿ ಫ್ರಾನ್ಸ್‌ನಿಂದ ಹಣ ಪಡೆದು ಅವನೊಂದಿಗೆ ಮಲಗುತ್ತಾಳೆ. ಪೌಲ್ ತಾನೂ ಹಣಕ್ಕಾಗಿ ಒಬ್ಬ ಉಳ್ಳವನ ಸಂಗ ಮಾಡುತ್ತಾನೆ. ಜೊತೆಗಾರನಿಲ್ಲದ ಗುಂದಾ ಎಲ್ಲರ ಹಾಸ್ಯಕ್ಕೆ ಗುರಿ. ಇವರ ನಡುವೆ ಯೋರ್ಗೋಸ್ ಎಂಬ ಗ್ರೀಕ್ ಕಾರ್ಮಿಕ ಬಂದು ಎಲಿಜಬೆತ್‌ಳ ಮನೆಯಲ್ಲಿ ಬಾಡಿಗೆಗೆ ನಿಲ್ಲುತ್ತಾನೆ. ಅವನಿಗೆ ಜರ್ಮನ್ ಭಾಷೆ ಹೆಚ್ಚು ಕಡಿಮೆ ಬರುವುದೇ ಇಲ್ಲ. ಅವನ ಬಗ್ಗೆ ಗಾಳಿಮಾತು ಹುಟ್ಟುತ್ತದೆ, ಬೆಳೆಯುತ್ತದೆ. ಮಾರೀ ಎರಿಶ್‌ನನ್ನು ಬಿಟ್ಟು ಅವನ ಕಡೆ ಒಲಿಯುತ್ತಾಳೆ. ಗಂಡಸರು ಸೇರಿ ಅವನನ್ನು ಹೊಡೆಯುತ್ತಾರೆ. ಅಷ್ಟಾದರೂ ಅವನು ಅಲ್ಲೇ ಉಳಿಯುತ್ತಾನೆ. ಒಂದೂವರೆ ಗಂಟೆಗೂ ಕಡಿಮೆ ಅವಧಿಯ ಈ ಚಿತ್ರದಲ್ಲಿ ಯೋರ್ಗೋಸ್‌ನ ಪ್ರವೇಶಕ್ಕೆ ಮುನ್ನ ನಿರ್ದೇಶಕ ಬಹಳ ಹೊತ್ತನ್ನು ಆ ಗುಂಪಿನ ಜೊತೆಯಲ್ಲೇ ಕಳೆಯುತ್ತಾನೆ. ಮೊದಲ ಸಲ ನೋಡುವವರಿಗೆ ಈ ಭಾಗ ಬೇಸರ ತರಿಸಬಹುದು, ಮತ್ತು ಆ ಬೇಸರವನ್ನು ಸಹಿಸಿಕೊಳ್ಳದೆ ಚಿತ್ರದ ಉಳಿದ ಭಾಗ ಅರ್ಥವಾಗುವುದಿಲ್ಲ.

ಏಕೆಂದರೆ ಮುಂದೆ ಯೋರ್ಗೋಸ್‌ನ ಮೇಲೆ ಆಗುವುದೆಲ್ಲ ಈ ಭಾಗದಲ್ಲಿ ಆಗಲೇ ಆ ಗುಂಪಿನವರು ಪರಸ್ಪರರ ಮೇಲೆ ಮಾಡಿ ಮುಗಿಸಿರುವಂಥದ್ದೇ. ಮಾತಿನ ಮಧ್ಯೆ ಗಂಡಸಿನ ಕೈ ಹೆಣ್ಣಿನ ಕೆನ್ನೆಗೆ ಬೀಳುತ್ತದೆ. ಹೊಡೆದವನ ಮುಖದಲ್ಲಿ ಸಿಟ್ಟಿಲ್ಲ, ಹೊಡೆಸಿಕೊಂಡವಳ ಮುಖದಲ್ಲಿ ಬೆರಗಿಲ್ಲ, ನಿಂತ ಮಾತು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಪ್ರೀತಿ, ಊಟ, ಕೋಣೆ, ದೇಹ ಎಲ್ಲದಕ್ಕೂ ಬೆಲೆ ನಿಗದಿಯಾಗಿದೆ, ಮತ್ತು ಯಾರು ಯಾರಿಗೆ ಎಷ್ಟು ಬಾಕಿ ಎಂಬುದು ಎಲ್ಲರಿಗೂ ಗೊತ್ತಿದೆ. ಇಂಥ ಬದುಕಿನಲ್ಲಿ ಪ್ರತಿಯೊಬ್ಬರೂ ತಮಗಿಂತ ಕೆಳಗೆ ಇನ್ನೊಬ್ಬರು ಇದ್ದಾರೆ ಎಂಬ ಸಮಾಧಾನಕ್ಕಾಗಿ ಹಾತೊರೆಯುತ್ತಾರೆ; ಗುಂದಾ ಆ ಸ್ಥಾನದಲ್ಲಿ ಇದ್ದಷ್ಟು ದಿನ ಆ ಸಮಾಧಾನ ಅವಳಿಂದ ಸಿಗುತ್ತಿತ್ತು. ಯೋರ್ಗೋಸ್ ಬಂದ ಮೇಲೆ ಗುಂದಾಳಿಗೂ ತನಗಿಂತ ಕೆಳಗಿನವನು ಒಬ್ಬ ದೊರೆತ. ಅವನು ತನ್ನ ಮೇಲೆ ಕೈ ಮಾಡಿದನೆಂಬ ಸುಳ್ಳು ಅವಳ ಬಾಯಿಂದಲೇ ಹೊರಡುವುದು ಆಕಸ್ಮಿಕವಲ್ಲ. ಆ ಸುಳ್ಳಿನಿಂದ ಅವಳು ಮೊದಲ ಬಾರಿಗೆ ಗುಂಪಿನ ನಡುವೆ ಬಂದು ನಿಲ್ಲುತ್ತಾಳೆ, ಎಲ್ಲರೂ ಅವಳ ಮಾತಿಗೆ ಕಿವಿಗೊಡುತ್ತಾರೆ. ಅವಮಾನಕ್ಕೆ ಒಳಗಾದವರು ಅವಮಾನಿತರ ನೋವನ್ನು ಬೇಗ ಅರಿಯುತ್ತಾರೆ ಎಂಬ ಹಿತವಾದ ನಂಬಿಕೆಯನ್ನು ಈ ಚಿತ್ರ ಇಲ್ಲಿ ಮುರಿಯುತ್ತದೆ.

ಗಾಳಿಮಾತು ಬೆಳೆಯುವ ಬಗೆಯನ್ನು ಚಿತ್ರ ಬಿಡಿಬಿಡಿಯಾಗಿ ತೋರಿಸುತ್ತದೆ, ಮತ್ತು ಈ ಅಂಶದಲ್ಲಿ ಅದರ ಕುಶಲತೆ ಹತ್ತಿರದಿಂದ ನೋಡುವಂಥದ್ದು. ಒಂದೇ ಮನೆಯಲ್ಲಿರುವ ಪೀಟರ್ ಗ್ರೀಕನ ಮೈಕಟ್ಟಿನ ಬಗ್ಗೆ ಆಡಿದ ಒಂದು ಮಾತು ಹೋಟೆಲಿನ ಮೇಜಿನಿಂದ ಅಂಗಳಕ್ಕೆ, ಅಂಗಳದಿಂದ ಕೋಣೆಗಳಿಗೆ ಹೋಗುವಷ್ಟರಲ್ಲಿ, ಗಂಡಸರ ಪಾಲಿಗೆ ಸಹಿಸಲಾಗದ ಹೋಲಿಕೆಯಾಗುತ್ತದೆ, ಹೆಂಗಸರ ಪಾಲಿಗೆ ಕುತೂಹಲವಾಗುತ್ತದೆ. ಅದೇ ಹೊತ್ತಿಗೆ ಅವನು ಕೊಳಕ, ಅವನು ಕಮ್ಯುನಿಸ್ಟನಿರಬೇಕು, ಅವನಿಗೆ ಎಲಿಜಬೆತ್‌ಳೊಂದಿಗೆ ಸಂಬಂಧವಿದೆ ಎಂಬ ಮಾತುಗಳೂ ಸೇರಿಕೊಳ್ಳುತ್ತವೆ. ಗುಂದಾಳನ್ನು ಬಿಟ್ಟರೆ ಯಾರೂ ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ಹೇಳುವುದಿಲ್ಲ. ಪ್ರತಿಯೊಬ್ಬರೂ ಕೇಳಿದ್ದಕ್ಕೆ ತಮ್ಮದೊಂದು ಎಳೆಯನ್ನು ಸೇರಿಸುತ್ತಾರೆ. ಗ್ರೀಸ್‌ನಲ್ಲಿ 1967ರ ಏಪ್ರಿಲಿನಲ್ಲಿ ಸೇನಾಧಿಕಾರಿಗಳು ಅಧಿಕಾರ ಕಿತ್ತುಕೊಂಡು ಕಮ್ಯುನಿಸ್ಟರನ್ನು ಸೆರೆಮನೆಗಳಿಗೂ ದ್ವೀಪಗಳಿಗೂ ಅಟ್ಟುತ್ತಿದ್ದ ಕಾಲದಲ್ಲಿ, ಅದೇ ದೇಶದ ಕೂಲಿಯೊಬ್ಬನನ್ನು ಮ್ಯೂನಿಕ್‌ನ ಅಂಗಳದಲ್ಲಿ ಕಮ್ಯುನಿಸ್ಟ್ ಎಂದು ಅನುಮಾನಿಸಲಾಗುತ್ತದೆ. ಆ ದೇಶದಲ್ಲಿ ಆಗುತ್ತಿರುವುದೇನು ಎಂಬುದು ಅಲ್ಲಿದ್ದವರಲ್ಲಿ ಒಬ್ಬರಿಗೂ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಅಗತ್ಯವೂ ಅವರಿಗೆ ಕಾಣುವುದಿಲ್ಲ. ಮಾರೀಗೂ ಗೊತ್ತಿಲ್ಲ. ಗ್ರೀಸ್‌ಗೆ ಹೋದರೆ ಎಲ್ಲವೂ ಬೇರೆಯಾಗಿರುತ್ತದೆ ಎಂದು ನಂಬುವ ಅವಳ ಪ್ರೀತಿಯೂ ಕೂಡ ಅದೇ ಅಜ್ಞಾನದ ಇನ್ನೊಂದು ರೂಪ. ಯೋರ್ಗೋಸ್‌ಗೆ ಊರಿನಲ್ಲಿ ಹೆಂಡತಿ ಮಕ್ಕಳಿದ್ದಾರೆ.

ಹೊಡೆತದ ದೃಶ್ಯ ತೀರ ಚಿಕ್ಕದು. ಗಂಡಸರು ಬರುತ್ತಾರೆ, ಸುತ್ತುವರಿಯುತ್ತಾರೆ, ಹೊಡೆಯುತ್ತಾರೆ, ಹೋಗುತ್ತಾರೆ. ಸಂಗೀತ ಏರುವುದಿಲ್ಲ, ಕ್ಯಾಮೆರಾ ಹತ್ತಿರಕ್ಕೆ ಹೋಗುವುದಿಲ್ಲ, ರಕ್ತದ ಮೇಲೆ ದೃಷ್ಟಿ ನಿಲ್ಲುವುದಿಲ್ಲ. ಸಾಮಾನ್ಯ ಚಿತ್ರವೊಂದು ಇಷ್ಟು ಹೊತ್ತಿನ ತಯಾರಿಯ ನಂತರ ಈ ದೃಶ್ಯವನ್ನೇ ಶಿಖರವಾಗಿ ಕಟ್ಟಿ, ನೋಡುಗರ ಎದೆಯಲ್ಲಿ ಮಡುಗಟ್ಟಿದ ಉದ್ವೇಗಕ್ಕೆ ಬಿಡುಗಡೆ ಕೊಡುತ್ತಿತ್ತು. ಆ ಬಿಡುಗಡೆ ಇಲ್ಲಿ ಸಿಗದಿರುವುದರಿಂದ ಹೊಡೆತವು ಅಂಗಳದ ದಿನಚರಿಯ ಇನ್ನೊಂದು ಘಟನೆಯಾಗಿ, ಹಿಂದಿನ ಕೆನ್ನೆಯೇಟುಗಳ ಮುಂದುವರಿಕೆಯಾಗಿ ಕಾಣುತ್ತದೆ. ಹಿಂಸೆಯನ್ನು ಖಂಡಿಸುತ್ತಲೇ ಅದರ ರೋಚಕತೆಯಿಂದ ಲಾಭ ಪಡೆಯುವ ಚಿತ್ರಗಳ ಸಾಲಿನಿಂದ ‘ಕಾಟ್ಸೆಲ್‌ಮಾಖರ್’ ಹೊರಗುಳಿಯುವುದು ಈ ಸಂಯಮದಿಂದಲೇ.

ಈ ಸಂಯಮಕ್ಕೆ ಹಣದ ಕೊರತೆ ಎಷ್ಟರಮಟ್ಟಿಗೆ ಕಾರಣ, ಕಲಾತ್ಮಕ ಆಯ್ಕೆ ಎಷ್ಟರಮಟ್ಟಿಗೆ ಕಾರಣ ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಛಾಯಾಗ್ರಾಹಕ ಡೀಟ್ರಿಶ್ ಲೋಮನ್‌ನ ಕ್ಯಾಮೆರಾ ಬಹುತೇಕ ಎಲ್ಲ ದೃಶ್ಯಗಳಲ್ಲೂ ಸ್ಥಿರವಾಗಿ, ಪಾತ್ರಗಳಿಗೆ ನೇರ ಎದುರಾಗಿ ನಿಂತಿರುತ್ತದೆ; ಹಿಂದೆ ಬೋಳು ಗೋಡೆ, ಮುಂದೆ ಸಾಲಾಗಿ ಕುಳಿತ ಜನ, ನೆರಳೇ ಇಲ್ಲದಂಥ ಚಪ್ಪಟೆ ಬೆಳಕು. ಒಂದೊಂದು ದೃಶ್ಯವೂ ತುಂಡಾಗದ ಒಂದೇ ಚಿತ್ರಿಕೆ, ಅಂದರೆ ಕ್ಯಾಮೆರಾ ಒಮ್ಮೆ ಚಾಲೂ ಆಗಿ ನಿಲ್ಲುವವರೆಗಿನ ಒಂದು ತುಣುಕು. ಕ್ಯಾಮೆರಾ ಸರಿಸಲು, ಬೆಳಕು ಬದಲಿಸಲು, ಒಂದೇ ದೃಶ್ಯವನ್ನು ನಾನಾ ಕೋನಗಳಿಂದ ತೆಗೆಯಲು ಸಮಯ ಬೇಕು, ಸಮಯವೆಂದರೆ ಹಣ. ಒಂಬತ್ತು ದಿನಗಳಲ್ಲಿ ಚಿತ್ರ ಮುಗಿಸುವವರಿಗೆ ಈ ಸ್ಥಿರತೆ ಅನಿವಾರ್ಯವೂ ಆಗಿತ್ತು. ಆದರೆ ಬಡತನದಿಂದ ಬಂದ ಈ ನಿಶ್ಚಲತೆಯು ಆ ಬದುಕಿನ ನಿಶ್ಚಲತೆಗೆ ಎಷ್ಟು ನಿಖರವಾಗಿ ಹೊಂದುತ್ತದೆ ಎಂದರೆ, ಹೆಚ್ಚು ಹಣ ಇದ್ದಿದ್ದರೆ ಚಿತ್ರ ಕೆಡುತ್ತಿತ್ತು ಎಂದು ಧೈರ್ಯವಾಗಿ ಹೇಳಬಹುದು. ಈ ಶಿಸ್ತನ್ನು ಫಾಸ್‌ಬಿಂಡರ್ ಕಲಿತದ್ದು ರಂಗಭೂಮಿಯಿಂದ. ಇದೇ ಹೆಸರಿನ ಅವನ ನಾಟಕ 1968ರ ಏಪ್ರಿಲಿನಲ್ಲಿ ಮ್ಯೂನಿಕ್‌ನ ‘ಆಕ್ಷನ್ ಥಿಯೇಟರ್’ ಎಂಬ ಪುಟ್ಟ ರಂಗಶಾಲೆಯಲ್ಲಿ ಪ್ರದರ್ಶನಗೊಂಡಿತ್ತು, ಮತ್ತು ಅದೇ ಪ್ರದರ್ಶನದ ಭಾಗವಾಗಿ ಝಾನ್-ಮಾರಿ ಸ್ಟ್ರೌಬ್ ಎಂಬ ಕಠೋರ ಸರಳತೆಯ ನಿರ್ದೇಶಕನ ರಂಗಪ್ರಯೋಗವೂ ನಡೆದಿತ್ತು. ಆ ರಂಗಶಾಲೆಯ ತಂಡ ಒಡೆದ ಮೇಲೆ ಫಾಸ್‌ಬಿಂಡರ್ ಮತ್ತು ಅವನ ಗೆಳೆಯರು ಕಟ್ಟಿದ ‘ಆಂಟಿಥಿಯೇಟರ್’ನ ನಟ ನಟಿಯರೇ ಚಿತ್ರದ ಬಹುಪಾಲು ಪಾತ್ರಗಳಲ್ಲಿದ್ದಾರೆ. ಮಾರೀಯಾಗಿ ಹನ್ನಾ ಶಿಗುಲ್ಲಾ, ಎಲಿಜಬೆತ್‌ಳಾಗಿ ಇರ್ಮ್ ಹೆರ್ಮನ್, ಯೋರ್ಗೋಸ್‌ನಾಗಿ ಸ್ವತಃ 24ರ ಹರೆಯದ ಫಾಸ್‌ಬಿಂಡರ್.

ಸ್ಥಿರ ದೃಶ್ಯಗಳ ನಡುನಡುವೆ ಬರುವ ಒಂದು ವಿನಾಯಿತಿ ಚಿತ್ರದ ಅತ್ಯಂತ ಸುಂದರ ಮತ್ತು ಅತ್ಯಂತ ಯಾತನಾಮಯ ಭಾಗ. ಗುಂಪಿನ ಇಬ್ಬಿಬ್ಬರು, ಪ್ರತಿ ಬಾರಿಯೂ ಬೇರೆ ಜೋಡಿ, ಕೈಗೆ ಕೈ ಸೇರಿಸಿಕೊಂಡು ಕಟ್ಟಡಗಳ ನಡುವಿನ ಹಾದಿಯಲ್ಲಿ ಕ್ಯಾಮೆರಾದ ಕಡೆಗೆ ನಡೆದುಬರುತ್ತಾರೆ. ಅವರು ಮುಂದೆ ಬಂದಷ್ಟೂ ಕ್ಯಾಮೆರಾ ಅದೇ ವೇಗದಲ್ಲಿ ಹಿಂದೆ ಸರಿಯುತ್ತದೆ. ಪೇರ್ ರಾಬೆನ್ ಅಳವಡಿಸಿದ ಶೂಬರ್ಟ್‌ನ ವಾಲ್ಟ್ಜ್ ಒಂದು ಪಿಯಾನೋದಲ್ಲಿ ನುಡಿಯುತ್ತದೆ. ಇಡೀ ಚಿತ್ರದಲ್ಲಿ ಕ್ಯಾಮೆರಾ ಚಲಿಸುವುದು ಈ ನಡಿಗೆಗಳಲ್ಲಿ ಮಾತ್ರ, ಹಿನ್ನೆಲೆ ಸಂಗೀತ ಕೇಳಿಬರುವುದೂ ಇಲ್ಲೇ. ನಡೆಯುವವರ ಬಾಯಲ್ಲಿ ಮಾತ್ರ ಅದೇ ದೂರು, ಅದೇ ಚಾಡಿ, ಅದೇ ಹಣದ ಲೆಕ್ಕ. ಎಷ್ಟು ನಡೆದರೂ ಅವರ ಮತ್ತು ಕ್ಯಾಮೆರಾದ ನಡುವಿನ ಅಂತರ ಬದಲಾಗುವುದಿಲ್ಲವಾದ್ದರಿಂದ ಅವರು ಎಲ್ಲಿಗೂ ತಲುಪಿದಂತೆ ಅನಿಸುವುದಿಲ್ಲ. ಆದರೂ ಆ ಸಂಗೀತದಲ್ಲಿ ಈ ಜನರು ತಾವೇ ಹೇಳಲಾರದ ಒಂದು ಹಂಬಲ ಇದೆ, ಮತ್ತು ನಿರ್ದೇಶಕ ಅದನ್ನು ಅವರಿಗೆ ನಿರಾಕರಿಸುವುದಿಲ್ಲ. ಪರಕೀಯನನ್ನು ಹೊಡೆಯುವವರನ್ನು ರಾಕ್ಷಸರಂತೆ ಚಿತ್ರಿಸಿದ್ದರೆ ನೋಡುಗರು ತಾವು ಬೇರೆಯವರೆಂದು ನಿಟ್ಟುಸಿರು ಬಿಡಬಹುದಿತ್ತು. ಈ ವಾಲ್ಟ್ಜ್ ಅಂಥ ಅವಕಾಶವನ್ನು ಕಸಿದುಕೊಳ್ಳುತ್ತದೆ.

ಪಾತ್ರಗಳ ಭಾಷೆಯ ಬಗ್ಗೆಯೂ ಒಂದು ಮಾತು ಅಗತ್ಯ. ಅವರು ಆಡುವುದು ಬವೇರಿಯಾದ ನಿಜವಾದ ಆಡುನುಡಿಯಲ್ಲ, ಅದರ ವಾಕ್ಯರಚನೆಯನ್ನಷ್ಟೇ ಉಳಿಸಿಕೊಂಡ, ಗಾದೆಗಳಂತೆ ಗಟ್ಟಿಯಾದ ಚಿಕ್ಕ ವಾಕ್ಯಗಳ ಒಂದು ಕಟ್ಟಿದ ಭಾಷೆ. ಯಾರೋ ಎಂದೋ ಹೇಳಿಟ್ಟ ಮಾತುಗಳನ್ನೇ ಅವರು ಮತ್ತೆ ಮತ್ತೆ ಒಪ್ಪಿಸುತ್ತಾರೆ. ಇದು ಸರಿ, ಇದು ತಪ್ಪು, ಹೀಗೆ ನಡೆಯಬೇಕು ಎಂಬ ತೀರ್ಪುಗಳು ಅವರ ಬಾಯಲ್ಲಿ ಸದಾ ಸಿದ್ಧವಾಗಿರುತ್ತವೆ, ಆದರೆ ತಮ್ಮ ಒಳಗೆ ಏನಾಗುತ್ತಿದೆ ಎಂದು ಹೇಳಲು ಒಂದು ಪದವೂ ಅವರ ಬಳಿ ಇಲ್ಲ. ಈ ಬಗೆಯ ಬರವಣಿಗೆ ಜರ್ಮನ್ ರಂಗಭೂಮಿಯಲ್ಲಿ ‘ವಿಮರ್ಶಾತ್ಮಕ ಜನಪದ ನಾಟಕ’ ಎಂದು ಗುರುತಿಸಲಾಗುವ ಪರಂಪರೆಗೆ ಸೇರಿದ್ದು. ಹಳ್ಳಿ ಮತ್ತು ಚಿಕ್ಕ ಪಟ್ಟಣಗಳ ಜನರನ್ನು ಮುಗ್ಧರೆಂದು ಕೊಂಡಾಡುವ ಜನಪ್ರಿಯ ನಾಟಕಗಳ ಚೌಕಟ್ಟನ್ನೇ ತೆಗೆದುಕೊಂಡು, ಆ ಮುಗ್ಧತೆಯ ಒಳಗಿನ ಕ್ರೌರ್ಯವನ್ನು ಬಯಲಿಗೆಳೆಯುವುದು ಅದರ ಕೆಲಸ. ಇಂಗೊಲ್‌ಸ್ಟಾಟ್ ಪಟ್ಟಣದ ಬದುಕನ್ನು 1920ರ ದಶಕದಲ್ಲಿ ಹೀಗೆ ರಂಗಕ್ಕೆ ತಂದು ಊರವರ ಸಿಟ್ಟಿಗೆ ಗುರಿಯಾದ ಮಾರಿಲೂಯಿಸ್ ಫ್ಲೈಸರ್‌ಗೆ ಫಾಸ್‌ಬಿಂಡರ್ ಈ ಕೃತಿಯನ್ನು ಅರ್ಪಿಸಿದ್ದಾನೆ. ಅದೇ ವರ್ಷ ತೆರೆಕಂಡ, ಪೀಟರ್ ಫ್ಲೈಷ್‌ಮನ್ ನಿರ್ದೇಶನದ ‘ಕೆಳ ಬವೇರಿಯಾದ ಬೇಟೆಯ ದೃಶ್ಯಗಳು’ ಎಂಬ ಚಿತ್ರವೂ ಹಳ್ಳಿಯೊಂದು ಸಲಿಂಗಿ ಎಂಬ ಗುಮಾನಿಯ ಮೇಲೆ ಒಬ್ಬ ಯುವಕನನ್ನು ಅಟ್ಟಾಡಿಸುವ ಕಥೆ. ಆದರೆ ಫ್ಲೈಷ್‌ಮನ್‌ನ ಹಳ್ಳಿಯಲ್ಲಿ ಹಂದಿ ಕೊಯ್ಯುವ ದೃಶ್ಯದಿಂದ ಹಿಡಿದು ಹೊಲದ ಕೆಲಸದವರೆಗೆ ವಾಸ್ತವದ ವಿವರಗಳು ತುಂಬಿ ತುಳುಕುತ್ತವೆ. ಫಾಸ್‌ಬಿಂಡರ್‌ನ ಅಂಗಳದಲ್ಲಿ ವಿವರಗಳನ್ನು ಒಂದೊಂದಾಗಿ ತೆಗೆದುಹಾಕಿ, ಸಂಬಂಧಗಳ ಎಲುಬುಗೂಡನ್ನು ಮಾತ್ರ ಉಳಿಸಲಾಗಿದೆ.

ಚಿತ್ರದ ನಿಜವಾದ ಪ್ರಹಾರ ಹೊಡೆತದ ನಂತರ ಬರುತ್ತದೆ. ಗ್ರೀಕನನ್ನು ಓಡಿಸಬೇಕೆಂದು ಹೊಡೆದವರಿಗೆ ಅವನು ಯಾಕೆ ಇನ್ನೂ ಇದ್ದಾನೆ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಅದಕ್ಕೆ ಸಿಗುವ ಉತ್ತರ ಲೆಕ್ಕದ ಭಾಷೆಯಲ್ಲಿ ಇರುತ್ತದೆ. ಎಲಿಜಬೆತ್ ಅವನಿಂದ ಒಂದು ಹಾಸಿಗೆಯ ಜಾಗಕ್ಕೆ ದುಬಾರಿ ಬಾಡಿಗೆ ಕೀಳುತ್ತಾಳೆ, ಊಟಕ್ಕೂ ಹಣ ಮುರಿದುಕೊಳ್ಳುತ್ತಾಳೆ. ಅವನು ದುಡಿದದ್ದರಲ್ಲಿ ಹೆಚ್ಚಿನ ಪಾಲು ಇಲ್ಲೇ ಉಳಿಯುತ್ತದೆ, ದೇಶದ ಹಣ ದೇಶದಲ್ಲೇ ಇರುತ್ತದೆ. ಈ ವಿವರಣೆ ಕೇಳಿದ ಕೂಡಲೇ ಗುಂಪಿನ ಸಿಟ್ಟು ಇಳಿಯುತ್ತದೆ, ಎಲಿಜಬೆತ್‌ಳ ಜಾಣತನದ ಬಗ್ಗೆ ಒಂದು ಮೆಚ್ಚುಗೆಯೂ ಮೂಡುತ್ತದೆ. ಹಗೆಯನ್ನು ಶಮನಗೊಳಿಸಿದ್ದು ಪಶ್ಚಾತ್ತಾಪವಲ್ಲ, ಕಾನೂನಲ್ಲ, ಮನುಷ್ಯತ್ವದ ಅರಿವಲ್ಲ. ಅವನನ್ನು ಹಿಂಡಲಾಗುತ್ತಿದೆ ಎಂಬ ಸಮಾಧಾನ. ಪರಕೀಯದ್ವೇಷಕ್ಕೆ ಆರ್ಥಿಕ ಉಪಯುಕ್ತತೆಯನ್ನು ಮದ್ದಾಗಿ ಸೂಚಿಸುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ವಲಸೆ ಬಂದವರು ದೇಶಕ್ಕೆ ಎಷ್ಟು ಲಾಭ ತರುತ್ತಾರೆಂದು ಅಂಕಿಗಳಲ್ಲಿ ತೋರಿಸಿದರೆ ಜನರ ಮನಸ್ಸು ಮೆದುವಾಗುತ್ತದೆ ಎಂದು ಅವರು ಸದುದ್ದೇಶದಿಂದಲೇ ನಂಬುತ್ತಾರೆ. ಈ ವಾದದಿಂದ ದೊರೆಯುವ ಶಾಂತಿ ಎಂಥದ್ದು ಎಂಬುದನ್ನು ‘ಕಾಟ್ಸೆಲ್‌ಮಾಖರ್’ ಅರ್ಧ ಶತಮಾನಕ್ಕೂ ಹಿಂದೆಯೇ ತೋರಿಸಿತು: ಲಾಭ ಇರುವವರೆಗೆ ಅವನಿಗೆ ಜಾಗವಿದೆ, ಮನುಷ್ಯನಾಗಿ ಅಲ್ಲ, ವರಮಾನವಾಗಿ. 1973ರ ನವೆಂಬರಿನಲ್ಲಿ, ತೈಲ ಬಿಕ್ಕಟ್ಟಿನ ಹೊತ್ತಿಗೆ, ಪಶ್ಚಿಮ ಜರ್ಮನಿ ಹೊಸ ಅತಿಥಿ ಕಾರ್ಮಿಕರ ನೇಮಕಾತಿಯನ್ನು ನಿಲ್ಲಿಸಿದಾಗ ಈ ಮಾತಿಗೆ ಸರ್ಕಾರಿ ಆದೇಶದ ರೂಪವೇ ಸಿಕ್ಕಿತು.

ಇದಾದ ಮೇಲೆ ಬರುವ ಇನ್ನೊಂದು ಚಿಕ್ಕ ತಿರುವು ಚಿತ್ರವನ್ನು ಒಂದು ಪ್ರಬಂಧವಾಗಿಬಿಡುವ ಅಪಾಯದಿಂದ ಪಾರುಮಾಡುತ್ತದೆ. ಎಲಿಜಬೆತ್ ಮತ್ತೊಬ್ಬ ಅತಿಥಿ ಕಾರ್ಮಿಕನನ್ನು, ಈ ಬಾರಿ ತುರ್ಕಿಯವನನ್ನು, ಇರಿಸಿಕೊಳ್ಳುವ ಯೋಚನೆಯಲ್ಲಿದ್ದಾಳೆ ಎಂದು ತಿಳಿದಾಗ ಯೋರ್ಗೋಸ್ ತನ್ನ ಹರಕುಮುರುಕು ಜರ್ಮನ್‌ನಲ್ಲಿ, ತುರ್ಕಿಯವನ ಜೊತೆ ತಾನು ಕೆಲಸ ಮಾಡುವುದಿಲ್ಲ, ಅವನು ಬಂದರೆ ತಾನು ಹೋಗುತ್ತೇನೆ ಎನ್ನುತ್ತಾನೆ. ಅಲ್ಲಿಯವರೆಗೆ ನೋಡುಗರ ಕರುಣೆಯನ್ನು ಪಡೆದಿದ್ದವನ ಬಾಯಿಂದ ಈ ಮಾತು ಬಂದಾಗ, ಪೀಡಿತನಾಗಿರುವುದು ಯಾರನ್ನೂ ತಾನಾಗಿಯೇ ಒಳ್ಳೆಯವರನ್ನಾಗಿ ಮಾಡುವುದಿಲ್ಲ ಎಂಬ ಸತ್ಯವನ್ನು ಗುಂದಾಳ ನಂತರ ಎರಡನೆಯ ಬಾರಿಗೆ ಎದುರಿಸಬೇಕಾಗುತ್ತದೆ. ಪರಕೀಯನು ಸಜ್ಜನನಾಗಿದ್ದರೆ ಮಾತ್ರ ಅವನನ್ನು ಹೊಡೆಯುವುದು ತಪ್ಪು ಎಂಬ, ಎಷ್ಟೋ ಸದುದ್ದೇಶದ ಚಿತ್ರಗಳಲ್ಲಿ ಅಡಗಿರುವ ಷರತ್ತನ್ನು ಫಾಸ್‌ಬಿಂಡರ್ ಹೀಗೆ ಕಿತ್ತೆಸೆಯುತ್ತಾನೆ. ಮುಂದಿನ ಇತಿಹಾಸ ಈ ದೃಶ್ಯಕ್ಕೆ ಸೇರಿಸಿದ ಅರ್ಥ ಇನ್ನೂ ಕರಾಳವಾದದ್ದು. 2000ದಿಂದ 2006ರವರೆಗೆ ಎನ್‌ಎಸ್‌ಯು ಎಂಬ ನವನಾಜಿ ಗುಂಪು ಜರ್ಮನಿಯ ಬೇರೆ ಬೇರೆ ನಗರಗಳಲ್ಲಿ ವಲಸೆ ಮೂಲದ ಒಂಬತ್ತು ಜನರನ್ನು ಗುಂಡಿಟ್ಟು ಕೊಂದಿತು; ಅವರಲ್ಲಿ ಎಂಟು ಜನ ತುರ್ಕಿ ಮೂಲದವರು, ಒಬ್ಬ ಗ್ರೀಕ್ ಮೂಲದವನು, ಮತ್ತು ಆ ಗ್ರೀಕ್ ಮೂಲದವನನ್ನು 2005ರಲ್ಲಿ ಕೊಂದದ್ದು ಮ್ಯೂನಿಕ್‌ನಲ್ಲಿ. ಗ್ರೀಕ್ ಮತ್ತು ತುರ್ಕಿ ಎಂಬ ಭೇದ ಕೊಲೆಗಾರರಿಗೆ ಕಾಣಲಿಲ್ಲ. ಪೊಲೀಸರು ವರ್ಷಗಟ್ಟಲೆ ಸತ್ತವರ ಮನೆಯವರನ್ನೇ ಸಂಶಯಿಸಿದರು. ಅಂಗಳದ ಗಾಳಿಮಾತು ಅಧಿಕೃತ ತನಿಖೆಯ ವೇಷ ತೊಟ್ಟಿತ್ತು.

ಮೆಚ್ಚುಗೆಯ ಈ ಮಾತುಗಳ ಜೊತೆಗೆ ಚಿತ್ರದ ಮೇಲೆ ಹೊರಿಸಬೇಕಾದ ಒಂದು ಗಂಭೀರ ಆಕ್ಷೇಪವೂ ಇದೆ. ಯೋರ್ಗೋಸ್ ಯಾರು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಅವನು ಮಲಗುವ ಹೊತ್ತಿನಲ್ಲಿ ಏನನ್ನು ನೆನೆಯುತ್ತಾನೆ, ಊರಿಗೆ ಕಾಗದ ಬರೆಯುತ್ತಾನೆಯೇ, ಕೆಲಸದ ಜಾಗದಲ್ಲಿ ಅವನ ದಿನ ಹೇಗೆ ಕಳೆಯುತ್ತದೆ ಎಂಬ ಯಾವ ಸಂಗತಿಗೂ ಚಿತ್ರದಲ್ಲಿ ಎಡೆಯಿಲ್ಲ. ಅವನು ಅಂಗಳದವರ ಹಗೆ ಮತ್ತು ಬಯಕೆಗಳನ್ನು ತೋರಿಸಲು ಇಟ್ಟ ಖಾಲಿ ಜಾಗ. ಈ ಖಾಲಿತನ ಉದ್ದೇಶಪೂರ್ವಕವಾದದ್ದು, ಅಂಗಳದವರು ಅವನನ್ನು ಹಾಗೆಯೇ ಕಾಣುತ್ತಾರೆ ಎಂಬ ಸಮರ್ಥನೆ ಇದೆ, ಅದರಲ್ಲಿ ಹುರುಳೂ ಇದೆ. ಆದರೆ ಗ್ರೀಕನ ಪಾತ್ರದಲ್ಲಿ ಜರ್ಮನ್ ನಿರ್ದೇಶಕನೇ ಕಾಣಿಸಿಕೊಂಡಾಗ, ಮತ್ತು ಹೊರಗಿನವನ ಮೈಕಟ್ಟಿನ ಬಗೆಗಿನ ಅಂಗಳದ ಕಲ್ಪನೆಯನ್ನು ಮಾರೀಯ ಒಲವಿನ ಮೂಲಕ ಚಿತ್ರವೇ ಅರ್ಧ ಒಪ್ಪಿಕೊಂಡಂತೆ ಕಂಡಾಗ, ಆ ಸಮರ್ಥನೆ ಪೂರ್ತಿ ನಿಲ್ಲುವುದಿಲ್ಲ. ಜರ್ಮನರು ತಮ್ಮ ಬಗ್ಗೆ ಜರ್ಮನರಿಗಾಗಿ ಮಾಡಿಕೊಂಡ ಆತ್ಮಪರೀಕ್ಷೆ ಇದು. ಅದರಲ್ಲಿ ಗ್ರೀಕ್ ಪ್ರೇಕ್ಷಕನಿಗೆ ಕೂರಲು ಜಾಗವಿಲ್ಲ.

ಈ ಕೊರತೆ ಫಾಸ್‌ಬಿಂಡರ್‌ನನ್ನೂ ಕಾಡಿರಬೇಕು ಎನ್ನಲು 1974ರ ‘ಭಯವು ಆತ್ಮವನ್ನು ತಿನ್ನುತ್ತದೆ’ ಎಂಬ ಚಿತ್ರ ಆಧಾರ ಒದಗಿಸುತ್ತದೆ. ಮೊರಾಕ್ಕೋದ ಕಾರ್ಮಿಕ ಆಲಿ ಮತ್ತು ಅವನಿಗಿಂತ ಬಹಳ ಹಿರಿಯಳಾದ, ಕಟ್ಟಡಗಳನ್ನು ಗುಡಿಸಿ ಸಾರಿಸುವ ಕೆಲಸದ ವಿಧವೆ ಎಮ್ಮಿ ಮದುವೆಯಾಗುವ ಕಥೆ ಅದು. ಆಲಿಯ ಪಾತ್ರವನ್ನು ಉತ್ತರ ಆಫ್ರಿಕಾದಿಂದ ಬಂದ ಎಲ್ ಹೆದಿ ಬೆನ್ ಸಾಲೆಮ್ ಮಾಡಿದ್ದಾನೆ. ಅಲ್ಲಿ ಆಲಿಗೆ ಆಯಾಸವಿದೆ, ಹಸಿವಿದೆ, ತನ್ನ ಊರಿನ ಊಟದ ಆಸೆಯಿದೆ, ಕೊನೆಗೆ ಅವನ ಹೊಟ್ಟೆಯೊಳಗಿನ ಹುಣ್ಣೇ ವಲಸೆಯ ಬದುಕಿನ ದಾಖಲೆಯಾಗುತ್ತದೆ. ಅದೇ ಚಿತ್ರದಲ್ಲಿ ಎಮ್ಮಿಯ ಮಗಳಾಗಿ ಇರ್ಮ್ ಹೆರ್ಮನ್ ಮತ್ತು ವಿದೇಶಿ ಕಾರ್ಮಿಕರನ್ನು ದ್ವೇಷಿಸುವ ಸೋಮಾರಿ ಅಳಿಯನಾಗಿ ಸ್ವತಃ ಫಾಸ್‌ಬಿಂಡರ್ ಕಾಣಿಸಿಕೊಳ್ಳುತ್ತಾರೆ. ಐದು ವರ್ಷಗಳ ಹಿಂದೆ ಹೊಡೆಸಿಕೊಂಡ ಪಾತ್ರವನ್ನು ತನಗಾಗಿ ಇಟ್ಟುಕೊಂಡಿದ್ದ ನಿರ್ದೇಶಕ ಈಗ ಹಗೆ ಕಾರುವವನ ಪಾತ್ರವನ್ನು ಎತ್ತಿಕೊಂಡದ್ದು ಅವನ ಪ್ರಾಮಾಣಿಕತೆಯ ಗುರುತು. ಜಗತ್ತಿನ ಪ್ರೇಕ್ಷಕರು ಹೆಚ್ಚು ಪ್ರೀತಿಸಿದ್ದು ಈ ಎರಡನೆಯ ಚಿತ್ರವನ್ನೇ. ‘ಕಾಟ್ಸೆಲ್‌ಮಾಖರ್’ ಮಾತ್ರ, 1970ರ ಜರ್ಮನ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಮನ್ನಣೆ ಪಡೆದರೂ, ದೊಡ್ಡ ಪ್ರೇಕ್ಷಕವರ್ಗವನ್ನು ತಲುಪದೆ, ಚಿತ್ರ ಸಮಾಜಗಳಲ್ಲಿ ಮತ್ತು ಸಿನಿಮಾ ವಿದ್ಯಾರ್ಥಿಗಳ ನಡುವೆ ಕಲ್ಟ್ ಚಿತ್ರವಾಗಿ, ಅಂದರೆ ಕಡಿಮೆ ಜನ ನೋಡಿದರೂ ನೋಡಿದವರು ಬಿಡದೆ ಹಿಂಬಾಲಿಸುವ ಚಿತ್ರವಾಗಿ ಉಳಿಯಿತು. ಎರಡರಲ್ಲಿ ಹೆಚ್ಚು ಮಾನವೀಯವಾದದ್ದು 1974ರದ್ದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ಎಮ್ಮಿಯ ಪ್ರೀತಿ ನೋಡುಗರಿಗೆ ನಿಲ್ಲಲು ಒಂದು ಸುರಕ್ಷಿತ ಜಾಗವನ್ನು ಒದಗಿಸುತ್ತದೆ. 1969ರ ಅಂಗಳದಲ್ಲಿ ಕುಳಿತುಕೊಳ್ಳಲು ಇರುವುದು ಆ ಕಟಕಟೆ ಮಾತ್ರ, ಉಳಿದವರ ಪಕ್ಕದಲ್ಲಿ.

ಯೋರ್ಗೋಸ್‌ನ ಒಳಗನ್ನು ತುಂಬುವ ಕೆಲಸವನ್ನು ಮಾಡಿದವರು ಹೊರಗಿನಿಂದ ಬಂದ ನಿರ್ದೇಶಕರೇ. ಇರಾನಿನಿಂದ ಬಂದು ಬರ್ಲಿನ್‌ನಲ್ಲಿ ನೆಲೆನಿಂತ ಸೊಹ್ರಾಬ್ ಶಾಹಿದ್ ಸಾಲೆಸ್ 1975ರಲ್ಲಿ ತೆಗೆದ ‘ಪರದೇಶದಲ್ಲಿ’ ಎಂಬ ಚಿತ್ರದ ತುರ್ಕಿ ಕಾರ್ಮಿಕ ಹುಸೇನ್‌ನನ್ನು ಯಾರೂ ಗುಂಪುಗೂಡಿ ಹೊಡೆಯುವುದಿಲ್ಲ. ಅವನು ಕಾರ್ಖಾನೆಯಲ್ಲಿ ಒಂದೇ ಯಂತ್ರದ ಮುಂದೆ ಒಂದೇ ಚಲನೆಯನ್ನು ಪುನರಾವರ್ತಿಸುತ್ತಾನೆ, ರೈಲಿನಲ್ಲಿ ಮನೆಗೆ ಬರುತ್ತಾನೆ, ತನ್ನಂಥವರೊಂದಿಗೆ ಹಂಚಿಕೊಂಡ ಮನೆಯಲ್ಲಿ ಊಟ ಮಾಡಿ ಮಲಗುತ್ತಾನೆ. ಫಾಸ್‌ಬಿಂಡರ್ ಅಂಗಳದಲ್ಲಿ ನಿಲ್ಲಿಸಿದ್ದ ಕ್ಯಾಮೆರಾವನ್ನು ಸಾಲೆಸ್ ಆ ಬಾಡಿಗೆ ಕೋಣೆಯೊಳಗೆ ಇಟ್ಟಂತಿದೆ. ಒಂದು ಚಿತ್ರದಲ್ಲಿ ಹಗೆಯ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಕಾಣುತ್ತದೆ, ಇನ್ನೊಂದರಲ್ಲಿ ಆ ಯಂತ್ರ ಸದ್ದು ಮಾಡದಿದ್ದಾಗಲೂ ಅದರ ಕೆಳಗಿರುವವನ ದಿನ ಹೇಗಿರುತ್ತದೆ ಎಂಬುದು ಕಾಣುತ್ತದೆ. ಚಿತ್ರ ಸಮಾಜಗಳು ಇವೆರಡನ್ನೂ ಒಂದರ ನಂತರ ಒಂದರಂತೆ ತೋರಿಸುವುದು ಎರಡಕ್ಕೂ ನ್ಯಾಯ ಒದಗಿಸುವ ಕ್ರಮ.